ನಗುವ ಗೆರೆ, ನೋಡುವ ಕಣ್ಣು

ತರಗತಿಗೆ ಹೋದ ಕೂಡಲೆ ಕರಿಹಲಗೆಯನ್ನು ಒರಸುವುದು ನನ್ನ ಅಭ್ಯಾಸ. ಹಿಂದಿನ ಗಂಟೆಯ ಅರ್ಥಶಾಸ್ತ್ರವನ್ನು ಅಳಿಸದೆ ಅದರ ಮೇಲೆ ಪಂಪನನ್ನು ಬರೆಯಲಾದೀತೆ? ಒಂದು ದಿನ ಹೀಗೆಯೇ ಡಸ್ಟರನ್ನು ಕೈಗೆ ತೆಗೆದುಕೊಂಡವನು ಹಲಗೆಯ ಮುಂದೆ ಸ್ತಬ್ಧನಾಗಿ ನಿಂತೆ. ಅಲ್ಲಿ ಅರ್ಥಶಾಸ್ತ್ರವಿರಲಿಲ್ಲ, ನಾನಿದ್ದೆ. ಕೊಕ್ಕರೆಯ ಕತ್ತು, ಮೂಗಿನ ತುದಿಗೆ ಜಾರಿದ ಕನ್ನಡಕ, ಕಂಕುಳಲ್ಲಿ ಒಂದು ದಪ್ಪ ಪುಸ್ತಕ, ಮತ್ತು ಮೇಲಕ್ಕೆ ನೆಟ್ಟ ಎರಡು ಕಣ್ಣುಗಳು. ಆ ಕಣ್ಣುಗಳಿಂದ ಹೊರಟ ಚುಕ್ಕೆಗೆರೆಯೊಂದು ನೇರವಾಗಿ ಹೋಗಿ ಛಾವಣಿಯ ಫ್ಯಾನನ್ನು ಮುಟ್ಟುತ್ತಿತ್ತು. ಬೆಂಚುಗಳ ಮೇಲೆ ಕುಳಿತ ವಿದ್ಯಾರ್ಥಿಗಳೆಲ್ಲ ಚಿತ್ರದ ಕೆಳಭಾಗದಲ್ಲಿ ಬರಿಯ ಸೊನ್ನೆಗಳಾಗಿದ್ದರು. ಹೆಸರು ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ.

ಹಲಗೆಯನ್ನು ಒರಸಿ, ಗುರುಭಕ್ತಿಯ ವಿಷಯವಾಗಿ ಹತ್ತು ನಿಮಿಷ ಭಾಷಣ ಮಾಡಿದೆ. ಚಿತ್ರಕಾರ ಯಾರೆಂದು ಕೇಳಿದೆ, ಯಾರೂ ಏಳಲಿಲ್ಲ. ಮನೆಗೆ ಬಂದು ನನ್ನ ಶ್ರೀಮತಿಯ ಮುಂದೆ ದುಃಖವನ್ನು ತೋಡಿಕೊಂಡಾಗ ಆಕೆ ಸಹಾನುಭೂತಿಯಿಂದ ಎಲ್ಲವನ್ನೂ ಕೇಳಿ, ಕೊನೆಗೆ, "ಅಲ್ಲಾ ಅಂದ್ರೆ, ನೀವು ಪಾಠ ಮಾಡುವಾಗ ನಿಜವಾಗಿ ಫ್ಯಾನನ್ನೇ ನೋಡ್ತೀರಾ?" ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಎಲ್ಲಿ ನೋಡುತ್ತೇನೆಂದು ನಾನು ಎಂದೂ ನೋಡಿಕೊಂಡವನಲ್ಲ.

ಈ ಹಳೆಯ ಗಾಯ ಮತ್ತೆ ನೆನಪಾದುದಕ್ಕೆ ಕಾರಣ ಒಂದು ಪುಸ್ತಕ. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳುಹಿಸಿಕೊಟ್ಟದ್ದು. ಅದು ಒಂದು ಚಿತ್ರಪ್ರದರ್ಶನದ ಸಂದರ್ಭದಲ್ಲಿ ಅಚ್ಚಾದ ಗ್ರಂಥ. ನ್ಯೂಮೆಕ್ಸಿಕೋ ಸಂಸ್ಥಾನದ ಸಾಂಟಾ ಫೇ ಪಟ್ಟಣದಲ್ಲಿರುವ ಜಾರ್ಜಿಯಾ ಓಕೀಫ್ ವಸ್ತುಸಂಗ್ರಹಾಲಯವು 2014ರ ಶರತ್ಕಾಲದಲ್ಲಿ ಮಿಗೆಲ್ ಕೊವಾರುಬಿಯಾಸ್ ಎಂಬ ಮೆಕ್ಸಿಕೋ ದೇಶದ ವ್ಯಂಗ್ಯಚಿತ್ರಕಾರನ ಕೃತಿಗಳನ್ನು ಪ್ರದರ್ಶನಕ್ಕೆ ಇಟ್ಟಿತ್ತು. ಅದಕ್ಕೆ ಮೂವತ್ತು ವರ್ಷ ಮೊದಲೇ, 1984ರಲ್ಲಿ, ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯವೂ ಆತನ ವ್ಯಂಗ್ಯಚಿತ್ರಗಳನ್ನು ಕಲೆಹಾಕಿ ತೋರಿಸಿತ್ತು. ಆದರೆ ಸಾಂಟಾ ಫೇಯ ಪ್ರದರ್ಶನದಲ್ಲಿ ಒಂದು ವಿಶೇಷ ಸ್ವಾರಸ್ಯವುಂಟು. ಅದು ನಡೆದದ್ದು, ಒಂದು ಕಾಲಕ್ಕೆ ಆತನ ಲೇಖನಿಗೆ ಸಿಕ್ಕಿದ್ದ ಹೆಂಗಸೊಬ್ಬಳ ಹೆಸರಿನ ಮನೆಯಲ್ಲಿ!

ಜಾರ್ಜಿಯಾ ಓಕೀಫ್ ಹೂಗಳನ್ನು ಬರೆದು ಪ್ರಸಿದ್ಧಳಾದ ಚಿತ್ರಕಲಾವಿದೆ. ಕೈಬೆರಳಷ್ಟು ಹೂವನ್ನು ಆಳೆತ್ತರಕ್ಕೆ ಬೆಳೆಸಿ ಬರೆದವಳು. 1929ರ ಜುಲೈ ತಿಂಗಳಲ್ಲಿ 'ನ್ಯೂಯಾರ್ಕರ್' ವಾರಪತ್ರಿಕೆ ಆಕೆಯ ಬಗ್ಗೆ ಒಂದು ಲೇಖನವನ್ನು ಪ್ರಕಟಿಸಿತು. ಅದರೊಡನೆ ಮಿಗೆಲ್ ಬರೆದ ಚಿತ್ರವೊಂದು ಅಚ್ಚಾಯಿತು. ಎಳೆದು ನೀಳವಾಗಿಸಿದ ತೆಳುವಾದ ಆಕೃತಿ. ಕೈಯಲ್ಲಿ ಒಂದು ಲಿಲ್ಲಿಹೂ. ಚಿತ್ರದ ಶೀರ್ಷಿಕೆ: 'ನಮ್ಮ ಲಿಲ್ಲಿಯ ಅಮ್ಮನವರು'. ಕ್ರೈಸ್ತರು ಮೇರಿಮಾತೆಯನ್ನು ಕರೆಯುವ ಧಾಟಿಯಲ್ಲೇ ಇಟ್ಟ ಹೆಸರು. ಅಭಿಮಾನಿಗಳು ಆ ಕಲಾವಿದೆಯನ್ನು ಸಂತಳನ್ನಾಗಿ ಮಾಡಿ ಪೀಠದಲ್ಲಿ ಕೂರಿಸಿದ್ದರಷ್ಟೆ. ಮಿಗೆಲ್ ಆ ಪೀಠವನ್ನು ಉರುಳಿಸಲಿಲ್ಲ. ಇನ್ನೂ ಸ್ವಲ್ಪ ಎತ್ತರಿಸಿ ತೋರಿಸಿದ. ಯಾರ ಮನಸ್ಸನ್ನೂ ಚುಚ್ಚದೆ, ಆಕೆಯನ್ನೂ ಆಕೆಯ ಭಕ್ತರನ್ನೂ ಒಂದೇ ಗೆರೆಯಲ್ಲಿ ಹಿಡಿದ. ಮುಂದೆ ಅವರಿಬ್ಬರೂ ಸ್ನೇಹಿತರಾದರು. ಆತನ ಗೆರೆಗಳು ಎಂಬತ್ತೈದು ವರ್ಷಗಳ ಅನಂತರ ಆಕೆಯ ಹೆಸರಿನ ಸಂಗ್ರಹಾಲಯದ ಗೋಡೆಯನ್ನೇರಿದವು.

ನಾನಾದರೋ ನನ್ನ ಚಿತ್ರಕಾರನನ್ನು ಡಸ್ಟರಿನಿಂದ ಬೀಳ್ಕೊಟ್ಟಿದ್ದೆ.

* * *

ಮಿಗೆಲ್ ಹುಟ್ಟಿದ್ದು 1904ರಲ್ಲಿ, ಮೆಕ್ಸಿಕೋ ನಗರದಲ್ಲಿ. ಹುಡುಗನಿಗೆ ಆರು ವರ್ಷ ತುಂಬುವ ಹೊತ್ತಿಗೆ ಆ ದೇಶದಲ್ಲಿ ಕ್ರಾಂತಿ ಸಿಡಿಯಿತು. ಶಾಲೆಯ ವಿದ್ಯೆ ಆತನಿಗೆ ಹೆಚ್ಚು ದಿನ ಹಿಡಿಸಲಿಲ್ಲ. ಎಳೆವಯಸ್ಸಿನಲ್ಲೇ ಓದು ಬಿಟ್ಟು, ಸರ್ಕಾರಿ ಕಚೇರಿಯಲ್ಲಿ ಭೂಪಟ ಬರೆಯುವ ಕೆಲಸಕ್ಕೆ ಸೇರಿದ. ಹಗಲು ಭೂಪಟ, ಸಂಜೆಯಾಯಿತೆಂದರೆ ಕಾಫಿ ಅಂಗಡಿಗಳಲ್ಲಿ ಕವಿಗಳೂ ಚಿತ್ರಕಾರರೂ ಕೂಡುವ ಮೇಜುಗಳ ಸುತ್ತ ಸುಳಿದಾಡಿ ಅವರ ಮುಖಗಳನ್ನು ಬರೆಯುವುದು. ಗಡ್ಡಮೀಸೆಯ ಹಿರಿಯರ ನಡುವೆ ಓಡಾಡುತ್ತಿದ್ದ ಈ ಎಳೆಯನನ್ನು ಅವರು 'ಚಮಾಕೊ' ಎಂದು ಕರೆದರು. ನಮ್ಮ ಮಾತಿನಲ್ಲಿ ಹೇಳುವುದಾದರೆ 'ಚಿಕ್ಕ ಹುಡುಗ'. ಈತ ಮುದುಕನಾಗದೆ ಸತ್ತ. ಆ ಹೆಸರು ಕೊನೆಯವರೆಗೂ ಉಳಿಯಿತು.

1923ರಲ್ಲಿ, ಹತ್ತೊಂಬತ್ತನೆಯ ವಯಸ್ಸು ಮುಗಿಯುವ ಮೊದಲೇ, ಮೆಕ್ಸಿಕೋ ಸರ್ಕಾರದ ಅಲ್ಪ ಸಹಾಯವನ್ನು ನೆಚ್ಚಿಕೊಂಡು ನ್ಯೂಯಾರ್ಕಿಗೆ ಹೋದ. ಅಲ್ಲಿದ್ದ ಮೆಕ್ಸಿಕೋದ ಕವಿ ಹೋಸೆ ಹುವಾನ್ ತಬ್ಲಾದ ತನ್ನ ದೇಶದ ಹುಡುಗನ ಬೆನ್ನಿಗೆ ನಿಂತ. ಲೇಖಕ ಕಾರ್ಲ್ ವ್ಯಾನ್ ವೆಕ್ಟೆನ್ ಕೈಹಿಡಿದು ಪತ್ರಿಕಾಲಯಗಳಿಗೆ ಕರೆದೊಯ್ದ. ಮರುವರ್ಷವೇ ಆತನ ಚಿತ್ರಗಳು ಆ ಕಾಲದ ಅತ್ಯಂತ ಠೀವಿಯ ಪತ್ರಿಕೆಯಾಗಿದ್ದ 'ವ್ಯಾನಿಟಿ ಫೇರ್'ನಲ್ಲಿ ಬರತೊಡಗಿದವು. 1925ರಲ್ಲಿ ಮೊದಲ ಚಿತ್ರಸಂಪುಟ ಹೊರಬಂತು. ಅದರ ಹೆಸರೇ ಒಂದು ನಗೆ: 'ವೇಲ್ಸ್ ರಾಜಕುಮಾರ ಮತ್ತು ಇತರ ಪ್ರಸಿದ್ಧ ಅಮೆರಿಕನ್ನರು'. ವೇಲ್ಸ್ ರಾಜಕುಮಾರ ಇಂಗ್ಲೆಂಡಿನ ಯುವರಾಜ! ಆದರೆ ಅಮೆರಿಕದ ಪತ್ರಿಕೆಗಳು ಆತನ ಹಿಂದೆ ಓಡುತ್ತಿದ್ದ ಭರವನ್ನು ಕಂಡರೆ ಆತ ಅಮೆರಿಕನ್ನನೇ ಇರಬೇಕೆಂದು ಯಾರಿಗಾದರೂ ತೋರುತ್ತಿತ್ತು. ಇಂಗ್ಲಿಷನ್ನು ಆಗತಾನೆ ಕಲಿಯುತ್ತಿದ್ದ ಪರದೇಶದ ಹುಡುಗ, ತನಗೆ ಅನ್ನವಿಟ್ಟ ಊರಿನ ದೌರ್ಬಲ್ಯವನ್ನು ಎರಡೇ ವರ್ಷಗಳಲ್ಲಿ ಕಂಡುಹಿಡಿದಿದ್ದ.

ವ್ಯಂಗ್ಯಚಿತ್ರವೆಂದರೆ ಮೂಗನ್ನು ಉದ್ದಮಾಡುವುದು, ಹೊಟ್ಟೆಯನ್ನು ದಪ್ಪಮಾಡುವುದು ಎಂದು ನಮ್ಮಲ್ಲಿ ಅನೇಕರ ತಿಳಿವಳಿಕೆ. ಎಲ್ಲ ಉದ್ದ ಮೂಗುಗಳೂ ನಗು ತರಿಸುವುದಿಲ್ಲವೆಂಬುದನ್ನು ನಾವು ಯೋಚಿಸುವುದಿಲ್ಲ. ಒಬ್ಬನ ಮುಖದಲ್ಲಿ ನೂರು ಗೆರೆಗಳಿರುತ್ತವೆ. ಅವುಗಳಲ್ಲಿ ತೊಂಬತ್ತು ಆತನವಲ್ಲ, ಮನುಷ್ಯಮಾತ್ರರಾದ ಎಲ್ಲರವು. ಉಳಿದ ಹತ್ತರಲ್ಲಿ ಏಳೆಂಟು ವಯಸ್ಸಿನವು, ಕಸುಬಿನವು, ಮನೆತನದವು. ಯಾವುದನ್ನು ತೆಗೆದರೆ ಆತ ಆತನೇ ಅಲ್ಲವೋ ಅಂಥ ಗೆರೆ ಒಂದೋ ಎರಡೋ. ಅದನ್ನು ಹುಡುಕಿ ಉಳಿದ ತೊಂಬತ್ತೆಂಟನ್ನು ಬಿಟ್ಟುಬಿಡುವ ಧೈರ್ಯವೇ ವ್ಯಂಗ್ಯಚಿತ್ರಕಾರನ ಬಂಡವಾಳ. ಅತಿಶಯೋಕ್ತಿ ಅಲಂಕಾರವನ್ನು ಪಾಠ ಹೇಳುವಾಗ ನಾವು ಹೇಳುವ ಮಾತೂ ಇದೇ ಅಲ್ಲವೆ? ಹಿಗ್ಗಿಸುವ ಮೊದಲು ಕವಿಗೆ ಹಿಗ್ಗಿಸತಕ್ಕದ್ದು ಯಾವುದೆಂದು ತಿಳಿದಿರಬೇಕು.

ಮಿಗೆಲನ ಗೆರೆ ಬಹಳ ನುಣುಪಾದದ್ದು. ಕಣ್ಣುಗಳು, ಗಲ್ಲ, ತೋಳುಗಳೆಲ್ಲ ಗೋಲ, ಕೊಳವೆ, ಶಂಕುಗಳಾಗಿ ಮಾರ್ಪಡುತ್ತವೆ. ಮುಖವೊಂದು ಕಡೆದು ನಿಲ್ಲಿಸಿದ ಬೊಂಬೆಯಂತಾಗುತ್ತದೆ. ಆದರೂ ಆ ಬೊಂಬೆ ಇಂಥವರದೇ ಎಂದು ಬೀದಿಯ ಹುಡುಗನೂ ಹೇಳಬಲ್ಲ. 1930ರ ದಶಕದ ಮೊದಲ ವರ್ಷಗಳಲ್ಲಿ 'ವ್ಯಾನಿಟಿ ಫೇರ್'ನಲ್ಲಿ ಬಂದ 'ಅಸಂಭವ ಸಂದರ್ಶನಗಳು' ಎಂಬ ಚಿತ್ರಮಾಲೆ ಈ ಕಲೆಯ ಶಿಖರ. ಜನ್ಮದಲ್ಲಿ ಎಂದೂ ಭೇಟಿಯಾಗಲಾರದ ಇಬ್ಬರನ್ನು ಒಂದೇ ಪುಟದಲ್ಲಿ ಎದುರುಬದುರು ಕೂರಿಸುವುದು ಅದರ ತಂತ್ರ. ಕೋಟ್ಯಧೀಶ್ವರ ರಾಕಫೆಲರನ ಎದುರು ಸ್ಟಾಲಿನ್. ಮನಶ್ಶಾಸ್ತ್ರಜ್ಞ ಫ್ರಾಯ್ಡನ ಎದುರು ಚಿತ್ರತಾರೆ ಜೀನ್ ಹಾರ್ಲೋ. ಮೌನಕ್ಕೆ ಹೆಸರಾಗಿದ್ದ ಮಾಜಿ ಅಧ್ಯಕ್ಷ ಕೂಲಿಜ್, ಸಂದರ್ಶನವೆಂದರೆ ಓಡಿಹೋಗುತ್ತಿದ್ದ ನಟಿ ಗ್ರೇಟಾ ಗಾರ್ಬೋ - ಇವರಿಬ್ಬರ ಸಂದರ್ಶನ ಹೇಗೆ ನಡೆದೀತೆಂದು ವಾಚಕರೇ ಊಹಿಸಿಕೊಳ್ಳಬಹುದು. ನಮ್ಮ ಮಹಾತ್ಮರನ್ನೂ ಆತ ಬಿಡಲಿಲ್ಲ. ಗಾಂಧೀಜಿಯವರನ್ನು, ಆಡಂಬರದ ಧರ್ಮಪ್ರಚಾರಕ್ಕೆ ಹೆಸರಾದ ಐಮೀ ಮೆಕ್‌ಫರ್ಸನ್ ಎಂಬ ಅಮೆರಿಕದ ಉಪದೇಶಕಿಯ ಜೊತೆಗೆ ಕೂರಿಸಿದ. ಒಬ್ಬರದು ತುಂಡುಬಟ್ಟೆಯ ಧರ್ಮ, ಇನ್ನೊಬ್ಬರದು ರಂಗಸ್ಥಳದ ಧರ್ಮ. ಇಬ್ಬರನ್ನೂ ಒಟ್ಟಿಗೆ ಕಂಡಾಗ ಇಬ್ಬರೂ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತಾರೆ.

ಇಷ್ಟೇ ಆಗಿದ್ದರೆ ಮಿಗೆಲ್ ಒಬ್ಬ ಜಾಣ ಹಾಸ್ಯಗಾರನಾಗಿ ಉಳಿದುಬಿಡುತ್ತಿದ್ದ. ನಾನು ಈ ಪುಟವನ್ನು ಬೇರೊಂದು ವಿಷಯಕ್ಕೆ ಮೀಸಲಿಡುತ್ತಿದ್ದೆ. ಆತನ ಬಾಳು ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಕಾರಣಕ್ಕೆ. ಇನ್ನೊಬ್ಬರನ್ನು ನೋಡಿ ನಗುವುದಕ್ಕಾಗಿ ಪಳಗಿಸಿಕೊಂಡ ಕಣ್ಣು ಬಹಳ ಕಾಲ ಎವೆಯಿಕ್ಕದೆ ನೋಡುತ್ತ ಹೋದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಆತನ ಬಾಳೇ ಒಂದು ಉತ್ತರವಾಗಿದೆ. ಆ ಉತ್ತರ ಅಷ್ಟು ಸರಳವಾದದ್ದೂ ಅಲ್ಲ.

* * *

ನ್ಯೂಯಾರ್ಕಿನ ಉತ್ತರಭಾಗದಲ್ಲಿರುವ ಹಾರ್ಲೆಮ್ ಆ ದಿನಗಳಲ್ಲಿ ಕಪ್ಪು ಅಮೆರಿಕನ್ನರ ಹೊಸ ಸಾಹಿತ್ಯಕ್ಕೂ ಸಂಗೀತಕ್ಕೂ ತವರಾಗಿತ್ತು. ಮಿಗೆಲ್ ರಾತ್ರಿ ಹೊತ್ತು ಅಲ್ಲಿನ ನೃತ್ಯಶಾಲೆಗಳಿಗೆ ಹೋಗಿ ಕುಳಿತು, ಹಾಡುವವರನ್ನೂ ಕುಣಿಯುವವರನ್ನೂ ಬರೆಯುತ್ತಿದ್ದ. ಪ್ರಸಿದ್ಧರ ಚಿತ್ರಗಳಲ್ಲಿ ಮುಖ ಮುಖ್ಯವಾಗಿದ್ದರೆ ಇಲ್ಲಿ ಮೈ ಮುಖ್ಯವಾಯಿತು. ಬೆನ್ನಿನ ಬಾಗು, ಮೊಣಕಾಲಿನ ತಿರುವು, ಹಾಡುವವಳ ಎತ್ತಿದ ಕೈ, ಎಲ್ಲವೂ ತಾಳಕ್ಕೆ ಸಿಕ್ಕಿದ ಗೆರೆಗಳು. ಈ ಚಿತ್ರಗಳು 1927ರಲ್ಲಿ ಒಂದು ಸಂಪುಟವಾಗಿ ಪ್ರಕಟವಾದವು. ಕವಿ ಲ್ಯಾಂಗ್‌ಸ್ಟನ್ ಹ್ಯೂಸನ 1926ರ ಮೊದಲ ಕವನಸಂಗ್ರಹಕ್ಕೆ ಮುಖಚಿತ್ರ ಬರೆದವನೂ ಮಿಗೆಲನೇ. 1935ರಲ್ಲಿ ಲೇಖಕಿ ಜೋರಾ ನೀಲ್ ಹರ್ಸ್ಟನ್ ಸಂಗ್ರಹಿಸಿದ ಜಾನಪದ ಕಥೆಗಳ ಗ್ರಂಥಕ್ಕೂ ಆತನೇ ಚಿತ್ರಗಳನ್ನು ಒದಗಿಸಿದ.

ಆದರೆ ಎಲ್ಲರೂ ಮೆಚ್ಚಲಿಲ್ಲ. ಕಪ್ಪು ಜನಾಂಗದ ಹಕ್ಕಿಗಾಗಿ ಬಾಳನ್ನೇ ತೇಯ್ದ ವಿದ್ವಾಂಸ ಡುಬಾಯ್ಸ್ ಈ ಚಿತ್ರಗಳ ಬಗ್ಗೆ ತನ್ನ ಅರುಚಿಯನ್ನು ಮುಚ್ಚಿಡದೆ ಬರೆದ. ಅದರಲ್ಲಿ ಕಾರಣವಿಲ್ಲದೆ ಇಲ್ಲ. ಕಪ್ಪು ಜನರ ತುಟಿಯನ್ನೂ ಕಣ್ಣನ್ನೂ ದೊಡ್ಡದು ಮಾಡಿ ನಗುವ ಒಂದು ದುಷ್ಟ ಸಂಪ್ರದಾಯ ಅಮೆರಿಕದಲ್ಲಿ ಅದಾಗಲೇ ನೂರು ವರ್ಷ ಬೆಳೆದಿತ್ತು. ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಆಡುವ ಆಟಗಳಲ್ಲಿ, ಅಂಗಡಿಯ ಜಾಹೀರಾತುಗಳಲ್ಲಿ, ಮಕ್ಕಳ ಆಟದ ಸಾಮಾನುಗಳಲ್ಲಿ ಅದು ತುಂಬಿಹೋಗಿತ್ತು. ಅಂಥ ನೆಲದಲ್ಲಿ ಎಷ್ಟೇ ಪ್ರೀತಿಯಿಂದ ಎಳೆದ ಗೆರೆಯೂ ಹಳೆಯ ಗಾಯದ ಮೇಲೆಯೇ ಹಾದುಹೋಗಬೇಕು.

ಈ ಜಗಳದಲ್ಲಿ ತೀರ್ಪು ಕೊಡುವ ಅರ್ಹತೆ ನನಗಿಲ್ಲ. ಒಂದು ಭೇದ ಮಾತ್ರ ನನಗೆ ಕಾಣುತ್ತದೆ. ರಾಕಫೆಲರನ ಮುಖವನ್ನು ಹಿಗ್ಗಿಸಿದರೆ ಆ ಮುಖ ರಾಕಫೆಲರನೊಬ್ಬನದೇ. ಆತನಿಗೆ ನೋವಾದರೆ ಉತ್ತರಕೊಡಲು ಆತನ ಹತ್ತಿರ ಪತ್ರಿಕೆಯಿದೆ, ವಕೀಲರಿದ್ದಾರೆ, ಹಣವಿದೆ. ಹೆಸರಿಲ್ಲದ ನರ್ತಕನೊಬ್ಬನ ಮುಖವನ್ನು ಹಿಗ್ಗಿಸಿದರೆ ಅದು ಒಬ್ಬನ ಮುಖವಾಗಿ ನಿಲ್ಲುವುದಿಲ್ಲ. ಆತನ ಜಾತಿಯವರೆಲ್ಲರ ಮುಖವಾಗಿ ಹರಡಿಕೊಳ್ಳುತ್ತದೆ. ನಮ್ಮ ನಾಟಕಗಳಲ್ಲೂ ಚಲನಚಿತ್ರಗಳಲ್ಲೂ ಯಾವುದೋ ಒಂದು ಊರಿನವರ, ಒಂದು ಕಸುಬಿನವರ ಮಾತನ್ನು ಎಳೆದೆಳೆದು ಆಡಿ ನಗಿಸುವುದುಂಟಲ್ಲ? ಸಭೆಯೆಲ್ಲ ನಗುವಾಗ ಹಿಂದಿನ ಸಾಲಿನಲ್ಲಿ ಆ ಊರಿನವನೊಬ್ಬ ನಗದೆ ಕುಳಿತಿರುತ್ತಾನೆ. ಒಳ್ಳೆಯ ವ್ಯಂಗ್ಯಚಿತ್ರಕಾರ ಆ ಒಬ್ಬನನ್ನು ನೋಡಬಲ್ಲವನಾಗಿರಬೇಕು. ಮಿಗೆಲ್ ಹಾರ್ಲೆಮಿನಲ್ಲಿ ಆತನನ್ನು ಕೆಲವು ಸಲ ನೋಡಿದ, ಕೆಲವು ಸಲ ನೋಡಲಿಲ್ಲ. ಇಂದು ವಸ್ತುಸಂಗ್ರಹಾಲಯವೊಂದು ಆ ಚಿತ್ರಗಳನ್ನು ಗೋಡೆಗೆ ಹಾಕುವುದಾದರೆ ಮೆಚ್ಚಿದವರ ಮಾತಿನೊಡನೆ ಮೆಚ್ಚದವರ ಮಾತನ್ನೂ ತೂಗಹಾಕಬೇಕು. ಅರ್ಧ ಸತ್ಯಕ್ಕೆ ಚೌಕಟ್ಟು ಹಾಕಿದರೆ ಅದು ಪೂರ್ಣವಾಗುವುದಿಲ್ಲ.

* * *

1930ರಲ್ಲಿ ಮಿಗೆಲ್, ರೋಸಾ ರೊಲಾಂಡಾ ಎಂಬ ನರ್ತಕಿಯನ್ನು ಮದುವೆಯಾದ. ನವದಂಪತಿಗಳು ಸಾಮಾನು ಸಾಗಿಸುವ ಹಡಗೊಂದನ್ನು ಹತ್ತಿ ಬಾಲಿ ದ್ವೀಪಕ್ಕೆ ಹೊರಟರು. ದಾರಿಯಲ್ಲಿ ಹಡಗಿನ ಮೇಲೆಯೇ ಮಲಯ ಭಾಷೆಯನ್ನು ಕಲಿಯತೊಡಗಿದರು. ಪ್ರವಾಸಿಗಳ ಹೋಟೆಲನ್ನು ಬಿಟ್ಟು ಬಾಲಿಯವರ ಮನೆಯಂಗಳದಲ್ಲೇ ನೆಲೆನಿಂತರು. ನೋಡಿದ್ದು ಸಾಲದೆಂದು 1933ರಲ್ಲಿ ಗುಗೆನ್‌ಹೈಮ್ ವಿದ್ಯಾರ್ಥಿವೇತನದ ಬಲದಿಂದ ಮತ್ತೊಮ್ಮೆ ಹೋದರು. ಆ ಪಯಣದ ದಾರಿಯಲ್ಲಿ ಷಾಂಘೈಯಲ್ಲಿಳಿದಾಗ ಅಲ್ಲಿನ ತರುಣ ವ್ಯಂಗ್ಯಚಿತ್ರಕಾರರು ಆತನನ್ನು ಸುತ್ತುವರಿದರು. ಅವರಲ್ಲೊಬ್ಬನಾದ ಝಾಂಗ್ ಗುವಾಂಗ್ಯು ಮುಂದೆ, 1960ರ ದಶಕದಲ್ಲಿ ತೆರೆಗೆ ಬಂದ ಚೀನದ ಪ್ರಸಿದ್ಧ ಕಪಿರಾಜನ ಚಲಚ್ಚಿತ್ರಕ್ಕೆ ರೂಪುಗಳನ್ನು ಬರೆದುಕೊಟ್ಟ. ಒಂದು ಗೆರೆ ಎಲ್ಲಿಂದ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಯಾರು ಬಲ್ಲರು!

ಬಾಲಿಯಲ್ಲಿ ಕಂಡುದೆಲ್ಲವೂ 1937ರಲ್ಲಿ 'ಬಾಲಿ ದ್ವೀಪ' ಎಂಬ ದೊಡ್ಡ ಗ್ರಂಥವಾಯಿತು. ಬರಹ, ರೇಖಾಚಿತ್ರ, ವರ್ಣಚಿತ್ರಗಳೆಲ್ಲ ಮಿಗೆಲನವು, ಛಾಯಾಚಿತ್ರಗಳು ರೋಸಾಳವು. ಆ ಪುಸ್ತಕವನ್ನು ತೆರೆದ ಕನ್ನಡಿಗನಿಗೆ ಪರಕೀಯತೆ ತೋರುವುದಿಲ್ಲ. ಅಲ್ಲಿನ ತೊಗಲುಗೊಂಬೆಯಾಟದ ತೆರೆಯ ಮೇಲೆ ಅರ್ಜುನನೂ ಭೀಮನೂ ರಾವಣನೂ ಬಂದು ನಿಲ್ಲುತ್ತಾರೆ. ನೀರನ್ನು ಹಂಚಿಕೊಂಡು ಗದ್ದೆ ಮಾಡುವ ರೈತರ ಕೂಟಗಳಿವೆ. ಊರಿನ ಕೇರಿಗೊಂದು ಸಭೆಯಿದೆ. ದಿನಬೆಳಗಾದರೆ ಬಾಳೆಯೆಲೆಯ ಮೇಲೆ ಹೂವಿಟ್ಟು ದೇವರಿಗೆ ಅರ್ಪಿಸುವ ಹೆಂಗಸರಿದ್ದಾರೆ. ನೃತ್ಯಗಾತಿಯ ಬೆರಳುಗಳು ಹೇಗೆ ಹಿಂದಕ್ಕೆ ಬಾಗುತ್ತವೆ, ಹೊರೆ ಹೊತ್ತವಳ ಕತ್ತು ಹೇಗೆ ನೇರವಾಗಿ ನಿಲ್ಲುತ್ತದೆ ಎಂಬುದನ್ನೆಲ್ಲ ಆತ ಗೆರೆಯಲ್ಲಿ ಹಿಡಿದಿದ್ದಾನೆ. ಗೆರೆ ಅದೇ, ಕೈ ಅದೇ. ಆದರೆ ಇಲ್ಲಿ ನಗುವಿಗೆ ಅವಸರವಿಲ್ಲ. 1906ರಲ್ಲಿ ಡಚ್ಚರು ದಂಡೆತ್ತಿ ಬಂದಾಗ ಬದುಂಗಿನ ಅರಸನೂ ಆತನ ಪರಿವಾರವೂ ಶುಭ್ರವಸ್ತ್ರವನ್ನು ಉಟ್ಟು ತುಪಾಕಿಗಳ ಎದುರಿಗೆ ನಡೆದುಹೋಗಿ ಪ್ರಾಣಬಿಟ್ಟ ಕಥೆಯನ್ನೂ ಆತ ಹೇಳುತ್ತಾನೆ. ವ್ಯಾಪಾರದ ಹೊಳೆ ನುಗ್ಗಿ ಬಂದರೆ ಈ ಬಾಳು ಹೆಚ್ಚು ದಿನ ಉಳಿಯಲಾರದೆಂಬ ಅಂಜಿಕೆಯಿಂದಲೇ ಗ್ರಂಥವನ್ನು ಬರೆದ. ವಿಪರ್ಯಾಸವೆಂದರೆ ಆ ಗ್ರಂಥವನ್ನು ಓದಿ ಮೋಹಗೊಂಡು ಬಾಲಿಗೆ ಹೊರಟ ಪ್ರವಾಸಿಗಳಿಗೂ ಲೆಕ್ಕವಿಲ್ಲ.

'ವ್ಯಾನಿಟಿ ಫೇರ್' 1936ರಲ್ಲಿ ನಿಂತುಹೋಗಿ 'ವೋಗ್' ಪತ್ರಿಕೆಯಲ್ಲಿ ಲೀನವಾಯಿತು. ಜನ ಆರ್ಥಿಕ ಮುಗ್ಗಟ್ಟಿನಲ್ಲಿ ಬೇಯುತ್ತಿದ್ದಾಗ ಠೀವಿಯ ನಗೆಗೆ ಕೊಳ್ಳುವವರು ಕಡಿಮೆಯಾಗಿದ್ದರು. ಮಿಗೆಲನೂ ಅಷ್ಟು ಹೊತ್ತಿಗೆ ಮೆಕ್ಸಿಕೋದ ಕಡೆಗೆ ಮುಖ ತಿರುಗಿಸಿದ್ದ. 1939ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಮಹಾಪ್ರದರ್ಶನಕ್ಕಾಗಿ ಶಾಂತಸಾಗರದ ಸುತ್ತಣ ನಾಡುಗಳ ಆರು ಭಾರಿ ಭೂಪಟಗಳನ್ನು ಬರೆದ. ಹುಡುಗನಾಗಿದ್ದಾಗ ಕಚೇರಿಯಲ್ಲಿ ಬರೆದ ಭೂಪಟದ ವಿದ್ಯೆ ಈಗ ಕೈಹಿಡಿಯಿತು. ದೊಡ್ಡ ನಾಲ್ಕು ಪಟಗಳು ಒಂದೊಂದೂ 15 ಅಡಿ ಎತ್ತರ, 24 ಅಡಿ ಅಗಲ. ಒಂದರಲ್ಲಿ ಜನರು, ಒಂದರಲ್ಲಿ ಪ್ರಾಣಿಗಳೂ ಗಿಡಮರಗಳೂ, ಒಂದರಲ್ಲಿ ಕಲೆಗಳು, ಇನ್ನೊಂದರಲ್ಲಿ ಬೆಳೆ ಮತ್ತು ವ್ಯಾಪಾರ. ಚಿಕ್ಕ ಎರಡರಲ್ಲಿ ಮನೆಗಳು ಮತ್ತು ವಾಹನಗಳು. ಆತನ ಭೂಪಟದ ನಡುವೆ ಐರೋಪ್ಯ ಖಂಡವಿಲ್ಲ, ಸಾಗರವಿದೆ. ನೀರು ನಾಡುಗಳನ್ನು ಬೇರ್ಪಡಿಸಲಿಲ್ಲ, ಜೋಡಿಸಿತು ಎಂಬುದು ಅದರ ಅರ್ಥ. ಈ ಪಟಗಳಲ್ಲಿ ಒಂದು, ಕಲೆಗಳನ್ನು ತೋರಿಸುವುದು, 1950ರ ದಶಕದ ಕೊನೆಯಲ್ಲಿ ಎಲ್ಲೋ ಕಳೆದುಹೋಯಿತು. 24 ಅಡಿ ಅಗಲದ ಚಿತ್ರವನ್ನೂ ಮನುಷ್ಯರು ಕಳೆಯಬಲ್ಲರು!

* * *

ಆತನ ಬಾಳಿನ ಕೊನೆಯ ಅಂಕ ಎಲ್ಲಕ್ಕಿಂತ ವಿಚಿತ್ರವಾದದ್ದು. ಮೆಕ್ಸಿಕೋದ ಪೂರ್ವತೀರದ ಕಾಡುಗಳಲ್ಲಿ ಅಲ್ಲಲ್ಲಿ ಭಾರಿ ಕಲ್ಲಿನ ತಲೆಗಳು, ಹಸುರುಶಿಲೆಯ ಮೂರ್ತಿಗಳು ದೊರೆತಿದ್ದವು. ದಪ್ಪ ತುಟಿ, ಚಪ್ಪಟೆ ಮೂಗು, ಮಗುವಿನ ಮುಖದಲ್ಲಿ ಜಾಗ್ವಾರಿನ ಬಾಯಿ. ಇವುಗಳನ್ನು ಮಾಡಿದ ಜನರಿಗೆ ವಿದ್ವಾಂಸರು 'ಓಲ್ಮೆಕ್' ಎಂಬ ಹೆಸರಿಟ್ಟರು. ಆದರೆ ಅವರು ಎಂದಿನವರು? ಮಾಯಾ ನಾಗರಿಕತೆಯೇ ಆ ನೆಲದ ಮೊದಲ ದೊಡ್ಡ ನಾಗರಿಕತೆಯೆಂದು ನಂಬಿದ್ದ ಪಂಡಿತರು ಓಲ್ಮೆಕ್ ಶಿಲ್ಪ ಆಮೇಲಿನದೆಂದರು. 1942ರಲ್ಲಿ ತುಸ್‌ತ್ಲಾ ಗುತಿಯೆರೆಸ್ ಪಟ್ಟಣದಲ್ಲಿ ಸೇರಿದ ವಿದ್ವದ್ಗೋಷ್ಠಿಯಲ್ಲಿ ಪುರಾತತ್ತ್ವಜ್ಞ ಆಲ್ಫೊನ್ಸೊ ಕಾಸೊ, ಆತನೊಡನೆ ಮಿಗೆಲ್, ಇದಕ್ಕೆ ವಿರುದ್ಧವಾಗಿ ವಾದಿಸಿದರು: ಓಲ್ಮೆಕ್ ಎಂಬುದು ಮೊಮ್ಮಗಳಲ್ಲ, ಅದೇ ತಾಯಿ.

ಶಾಲೆಯನ್ನೇ ಮುಗಿಸದ ವ್ಯಂಗ್ಯಚಿತ್ರಕಾರ ಪಂಡಿತರ ಸಭೆಯಲ್ಲಿ ಯಾವ ಪ್ರಮಾಣವನ್ನು ಮುಂದಿಟ್ಟ? ಮುಖಗಳನ್ನು! ಮಳೆದೇವರು ಮೆಕ್ಸಿಕೋದ ನಾನಾ ಜನಾಂಗಗಳಲ್ಲಿ ನಾನಾ ಹೆಸರಿನಿಂದ ಪೂಜೆಗೊಳ್ಳುವ ದೇವರು; ಒಂದು ಕಡೆ ಚಾಕ್, ಒಂದು ಕಡೆ ತ್ಲಾಲೋಕ್, ಮತ್ತೊಂದು ಕಡೆ ಕೊಸೀಹೊ. ಆ ಮುಖವಾಡಗಳನ್ನು ಆತ ಸಾಲಾಗಿ ಬರೆದು, ವಂಶವೃಕ್ಷದಂತೆ ಜೋಡಿಸಿದ. ಕಣ್ಣು ಬದಲಾಗುತ್ತದೆ, ಕಿರೀಟ ಬದಲಾಗುತ್ತದೆ, ಹಲ್ಲು ಸುರುಳಿಯಾಗುತ್ತದೆ. ಮೇಲ್ದುಟಿಯ ಒಂದು ಬಾಗು ಮಾತ್ರ ಎಲ್ಲದರಲ್ಲೂ ಹಿಂಬಾಲಿಸಿಕೊಂಡು ಬರುತ್ತದೆ. ಮರದ ಬುಡಕ್ಕೆ ಇಳಿದು ನೋಡಿದರೆ ಅಲ್ಲಿರುವುದು ಓಲ್ಮೆಕರ ಜಾಗ್ವಾರ್ ಬಾಯಿ. ನೂರು ಗೆರೆಗಳಲ್ಲಿ ಬಿಡಲಾಗದ ಒಂದು ಗೆರೆ ಯಾವುದೆಂದು ಹುಡುಕುವ ವಿದ್ಯೆ ಇದೇ ಅಲ್ಲವೆ? ನ್ಯೂಯಾರ್ಕಿನಲ್ಲಿ ಗಾರ್ಬೋಳ ಮುಖದ ಮೇಲೆ ಪಳಗಿಸಿದ ಕಣ್ಣೇ ಕಾಡಿನ ಕಲ್ಲಿನ ಮುಖವನ್ನು ಓದಿತು.

ಕಾರ್ಬನ್ ಪರೀಕ್ಷೆಯಿಂದ ಪ್ರಾಚೀನ ವಸ್ತುಗಳ ಕಾಲವನ್ನು ತಿಳಿಯುವ ವಿಧಾನ ಬಂದ ಮೇಲೆ, ಲಾ ವೆಂಟಾ ಎಂಬ ಓಲ್ಮೆಕ್ ನೆಲೆಯ ಇದ್ದಿಲನ್ನು ಪರೀಕ್ಷೆಮಾಡಿದರು. ಅದು ಕ್ರಿಸ್ತಪೂರ್ವದ್ದೆಂದು 1957ರಲ್ಲಿ ಪ್ರಕಟವಾಯಿತು. ಮಾಯಾ ವೈಭವಕಾಲಕ್ಕಿಂತ ಎಷ್ಟೋ ಶತಮಾನ ಹಿಂದಿನದು. 'ತಾಯಿ' ಎಂಬ ಶಬ್ದದ ವಿಷಯದಲ್ಲಿ ವಿದ್ವಾಂಸರು ಇಂದಿಗೂ ಚರ್ಚೆ ಮಾಡುತ್ತಾರೆ. ಯಾರು ಮೊದಲು ಎಂಬ ವಿಷಯದಲ್ಲಿ ಮಾತ್ರ ಮಿಗೆಲ್ ಹೇಳಿದ್ದೇ ನಿಂತಿತು. ಆ 1957ರ ಫೆಬ್ರವರಿಯಲ್ಲೇ ಆತ ತೀರಿಕೊಂಡ. ಆಗ ಆತನ ವಯಸ್ಸು ಐವತ್ತೆರಡು. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಪ್ರಾಚೀನ ಕಲೆಯನ್ನು ಕುರಿತ ಆತನ ದೊಡ್ಡ ಗ್ರಂಥವೂ ಅದೇ ವರ್ಷದ್ದು. ಮುಖವಾಡಗಳ ವಂಶವೃಕ್ಷ ಅದರಲ್ಲಿದೆ.

* * *

ವಾರಪತ್ರಿಕೆಯ ಪುಟಕ್ಕೆ ಆಯುಸ್ಸು ಏಳು ದಿನ. ನಾನು ಬರೆಯುವ ಈ ಪುಟಕ್ಕೂ ಅಷ್ಟೆ. ಅದರಲ್ಲಿ ನನಗೆ ದುಃಖವಿಲ್ಲ. ನಮ್ಮ ಮನೆಯಲ್ಲಿ ಹಳೆಯ ಸಂಚಿಕೆಗಳು ಮೊದಲು ಧಾರಾವಾಹಿಗಾಗಿ ನೆರೆಮನೆಗೆ ಹೋಗುತ್ತವೆ. ಅಲ್ಲಿಂದ ಹಿಂದಿರುಗಿದರೆ ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಿಗೆಯಾಗುತ್ತವೆ. ಉಳಿದವು ಹಳೇ ಪೇಪರಿನವನ ತಕ್ಕಡಿಯನ್ನೇರುತ್ತವೆ. ಮಿಗೆಲನ ಎಷ್ಟೋ ಗೆರೆಗಳು ಹೀಗೆ ನ್ಯೂಯಾರ್ಕಿನ ಡಬ್ಬಿಗಳ ಕೆಳಗೆ ಸವೆದುಹೋಗಿರಬೇಕು. ಅಲ್ಲಿಂದ ಪಾರಾದ ಕೆಲವು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಬಂದು ಕುಳಿತಿವೆ. ಯಾರನ್ನು ನೋಡಿ ನಗಬೇಕೆಂದು ಅವನ್ನು ಬರೆದರೋ ಅವರಲ್ಲಿ ಹೆಚ್ಚಿನವರ ಹೆಸರನ್ನೇ ಇಂದಿನ ನೋಟಕ ಕೇಳಿರುವುದಿಲ್ಲ. ನಗುವಿನ ಕಾರಣ ಮರೆತುಹೋಗಿದೆ. ನೋಡಿದ ಶ್ರದ್ಧೆ ಉಳಿದಿದೆ. ಆ ಶ್ರದ್ಧೆಗಾಗಿಯೇ ಅವು ಗಾಜಿನ ಹಿಂದೆ ಇರಲು ತಕ್ಕವು.

ಪುಸ್ತಕವನ್ನು ಮುಚ್ಚಿದ ಮರುದಿನ ಕಾಲೇಜಿಗೆ ಹೋದಾಗ ನನ್ನ ಕಣ್ಣು ಮೊದಲು ಹೋದದ್ದು ಕರಿಹಲಗೆಯ ಕಡೆಗೆ. ಅದರ ಮೇಲೆ ಬರಿಯ ಅರ್ಥಶಾಸ್ತ್ರವಿತ್ತು, ಒರಸಿದೆ. ಪಂಪನನ್ನು ಪ್ರಾರಂಭಿಸಿ ಐದು ನಿಮಿಷವಾಗಿರಬೇಕು. ನಾನು ಫ್ಯಾನಿನ ಮೂರು ರೆಕ್ಕೆಗಳನ್ನು ಎಣಿಸುತ್ತಿದ್ದೇನೆಂಬುದು ತಟ್ಟನೆ ಗೊತ್ತಾಯಿತು. ಕಣ್ಣನ್ನು ಕೆಳಗಿಳಿಸಿದೆ. ಮೂರನೆಯ ಸಾಲಿನ ಹುಡುಗಿಯೊಬ್ಬಳು ಜ್ವರದಿಂದ ಎದ್ದು ಬಂದವಳಂತೆ ಬಾಡಿದ್ದಳು. ಕಿಟಕಿಯ ಬಳಿಯ ಹುಡುಗನೊಬ್ಬ ನಾನು ಹೇಳಿದ ಪದ್ಯವನ್ನು ತುಟಿಯಲ್ಲೇ ಮತ್ತೆ ಹೇಳಿಕೊಳ್ಳುತ್ತಿದ್ದ. ಅವರು ಸೊನ್ನೆಗಳಾಗಿರಲಿಲ್ಲ. ಸೊನ್ನೆಗಳಾಗಿಸಿದ್ದು ನಾನು, ಚಿತ್ರಕಾರ ಅದನ್ನು ಕಂಡು ಬರೆದಿದ್ದ, ಅಷ್ಟೆ.

ಆ ಹುಡುಗ ಯಾರೆಂದು ನನಗೆ ಇಂದಿಗೂ ತಿಳಿಯದು. ಆತನ ಕಣ್ಣಿಗೆ ಈ ಪುಟ ಬಿದ್ದರೆ, ಗುರುಭಕ್ತಿಯ ಆ ಭಾಷಣವನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆಂದು ತಿಳಿಯಲಿ. ಆ ಚಿತ್ರವನ್ನು ಮತ್ತೊಮ್ಮೆ, ಈ ಸಲ ಕಾಗದದ ಮೇಲೆ, ಬರೆದುಕೊಟ್ಟರೆ ನನ್ನ ಓದುವ ಮೇಜಿನ ಎದುರಿಗೆ ಗೋಡೆಯಲ್ಲಿ ಸ್ಥಳವಿದೆ. ಚೌಕಟ್ಟಿನ ಖರ್ಚು ನನ್ನದು.